ಎರಡು ಸಲ ಮುಳುಗಿದ ಆಸ್ಪತ್ರೆ

ಹೈದರಾಬಾದಿನ ಅಫ್ಜಲ್‌ಗಂಜ್‌ನಲ್ಲಿ, ಮೂಸಿ ನದಿಯ ಉತ್ತರ ದಂಡೆಯ ಮೇಲೆ ಒಂದು ಸರ್ಕಾರಿ ಆಸ್ಪತ್ರೆ ಇದೆ. ಆ ಜಾಗದ ಆಸ್ಪತ್ರೆಯನ್ನು ನೀರು ಎರಡು ಸಲ ಖಾಲಿ ಮಾಡಿಸಿದೆ. ಮೊದಲ ಸಲ 1908ರಲ್ಲಿ. ಆಗ ಒಳಗೆ ನುಗ್ಗಿದ್ದು ನದಿ. ಎರಡನೇ ಸಲ 2020ರಲ್ಲಿ. ಆಗ ನುಗ್ಗಿದ್ದು ಮಳೆ ನೀರಿನ ಜೊತೆ ಚರಂಡಿ. ಈ ಎರಡರ ನಡುವೆ ಇರೋದು 112 ವರ್ಷ. ಇಷ್ಟು ವರ್ಷದಲ್ಲಿ ನಾವು ಏನು ಕಲಿತೆವು, ಏನು ಮರೆತೆವು ಅನ್ನೋದೇ ಇವತ್ತಿನ ವಿಷಯ.

ಆ ಆಸ್ಪತ್ರೆಯ ಹೆಸರು ಉಸ್ಮಾನಿಯಾ ಜನರಲ್ ಹಾಸ್ಪಿಟಲ್. ಹಳೇ ಕಟ್ಟಡಕ್ಕೆ ಹತ್ತಿರ ಹತ್ತಿರ 100 ವರ್ಷ. ಅದನ್ನು ಕೆಡವಬೇಕೋ ಉಳಿಸಬೇಕೋ ಅಂತ ಹತ್ತು ವರ್ಷ ಜಗಳ ನಡೆಯಿತು. ಮುಖ್ಯಮಂತ್ರಿಗಳು ಮಾತಾಡಿದರು, ಹೈಕೋರ್ಟ್ ಮೆಟ್ಟಿಲು ಹತ್ತಿದ್ದಾಯ್ತು, ತಜ್ಞರು ವರದಿ ಕೊಟ್ಟರು, ಡಾಕ್ಟರುಗಳು ಬೀದಿಗಿಳಿದರು. ಕೊನೆಗೆ 2025ರ ಜನವರಿ 31ರಂದು ಬೇರೆ ಜಾಗದಲ್ಲಿ ಹೊಸ ಆಸ್ಪತ್ರೆಗೆ ಶಂಕುಸ್ಥಾಪನೆ ಆಯಿತು.

ಅದು ತೆಲಂಗಾಣದ ಕಥೆ, ನಮಗೇನು ಸ್ವಾಮಿ ಅಂತ ನೀವು ಕೇಳಬಹುದು. ನಮಗೂ ಇದೆ. 1948ರ ಸೆಪ್ಟೆಂಬರ್ 17ರವರೆಗೆ ಕಲಬುರಗಿ, ಬೀದರ್, ರಾಯಚೂರು ಇದ್ದದ್ದು ನಿಜಾಮನ ರಾಜ್ಯದಲ್ಲಿ. ಅದಾದ ಮೇಲೂ 1956ರ ನವೆಂಬರ್ 1ರವರೆಗೆ ಹೈದರಾಬಾದ್ ರಾಜ್ಯದಲ್ಲೇ. ಆ ಭಾಗದ ರೈತ ಕಟ್ಟಿದ ಕಂದಾಯವೂ ಆ ಆಸ್ಪತ್ರೆಯ ಗೋಡೆಯಲ್ಲಿದೆ. ಇವತ್ತಿಗೂ ಬೀದರ್‌ನಿಂದ ಹೈದರಾಬಾದಿಗೆ ಸುಮಾರು 140 ಕಿಲೋಮೀಟರ್, ಬೆಂಗಳೂರಿಗೆ ಹತ್ತಿರ ಹತ್ತಿರ 700. ರಾತ್ರಿ ಹೊತ್ತು ಎದೆನೋವು ಬಂದವನು ಯಾವ ಕಡೆ ಗಾಡಿ ತಿರುಗಿಸುತ್ತಾನೆ ಹೇಳಿ? ಬೀದರ್‌ಗೂ ರಾಯಚೂರಿಗೂ ಸರ್ಕಾರಿ ಮೆಡಿಕಲ್ ಕಾಲೇಜು ಬಂದದ್ದೇ 2007ರ ಹೊತ್ತಿಗೆ. ಅಲ್ಲಿಯವರೆಗೆ ಆ ಭಾಗದ ಎಷ್ಟೋ ಬಡವರ ಪಾಲಿಗೆ ‘ದೊಡ್ಡಾಸ್ಪತ್ರೆ’ ಅಂದರೆ ಹೈದರಾಬಾದ್. ಎರಡನೇ ಕಾರಣ ಇನ್ನೂ ದೊಡ್ಡದು. ಈ ಕಥೆಯ ನಡುವೆ ನಮ್ಮ ಮುದ್ದೇನಹಳ್ಳಿಯ ಒಬ್ಬ ಎಂಜಿನಿಯರ್ ಬರುತ್ತಾರೆ. ಅವರು ಯಾರು ಅಂತ ನಿಮಗೆ ಗೊತ್ತು.

ಮೊದಲಿಂದ ಶುರು ಮಾಡೋಣ.

ಅಫ್ಜಲ್‌ಗಂಜ್‌ನಲ್ಲಿ ಮೊದಲು ಆಸ್ಪತ್ರೆ ಬಂದದ್ದು 1866ರಲ್ಲಿ. ಆಗ ಐದನೇ ನಿಜಾಮ ಅಫ್ಜಲ್ ಉದ್ದೌಲಾ ಪಟ್ಟದಲ್ಲಿದ್ದ. ಆಡಳಿತ ಪ್ರಧಾನಿ ಸಾಲಾರ್‌ಜಂಗ್ ಕೈಯಲ್ಲಿತ್ತು. ಅದಕ್ಕೂ ಮುಂಚೆ, 1846ರಲ್ಲೇ ಹೈದರಾಬಾದಿನಲ್ಲಿ ವೈದ್ಯಕೀಯ ಶಾಲೆ ಶುರುವಾಗಿತ್ತು. ಶಾಲೆ ಒಂದು ಕಡೆ, ಆಸ್ಪತ್ರೆ ಇನ್ನೊಂದು ಕಡೆ, ಎರಡೂ ಸೇರಿ ಬೆಳೆದವು.

ಈ ಅಫ್ಜಲ್‌ಗಂಜ್ ಆಸ್ಪತ್ರೆ ಯಾವುದೋ ಮೂಲೆಯ ಔಷಧಾಲಯ ಆಗಿರಲಿಲ್ಲ. ಒಂದು ಕಾಲದಲ್ಲಿ ಲಂಡನ್ನಿನ ವೈದ್ಯರು ಇದರ ಕಡೆ ಕಣ್ಣಿಟ್ಟು ಕೂತಿದ್ದರು. ವಿಷಯ ಕ್ಲೋರೋಫಾರ್ಮ್. ಆಪರೇಷನ್ನಿಗೆ ಮುಂಚೆ ರೋಗಿಗೆ ಪ್ರಜ್ಞೆ ತಪ್ಪಿಸಲು ಅದನ್ನು ಕೊಡುತ್ತಿದ್ದರು. ಕೆಲವರು ಮೇಜಿನ ಮೇಲೇ ಸತ್ತುಹೋಗುತ್ತಿದ್ದರು. ಯಾಕೆ? ಉಸಿರು ನಿಂತು ಸಾಯ್ತಾರಾ, ಹೃದಯ ನಿಂತು ಸಾಯ್ತಾರಾ? ಇಲ್ಲಿನ ಸರ್ಜನ್ ಎಡ್ವರ್ಡ್ ಲಾರಿ ವಾದ ಏನಂದರೆ, ಉಸಿರಾಟದ ಮೇಲೆ ಕಣ್ಣಿಟ್ಟರೆ ಸಾಕು, ಹೃದಯಕ್ಕೆ ಅಪಾಯ ಇಲ್ಲ. ಇದನ್ನು ಪರೀಕ್ಷಿಸಲು 1888ರಲ್ಲಿ ಒಂದು, 1889ರಲ್ಲಿ ಇನ್ನೊಂದು ಕಮಿಷನ್ ಕೂತಿತು. ಎರಡನೆಯದಕ್ಕೆ ನಿಜಾಮನ ಸರ್ಕಾರ ಹಣ ಕೊಟ್ಟಿತು. ಪ್ರಸಿದ್ಧ ವೈದ್ಯ ಪತ್ರಿಕೆ ‘ಲ್ಯಾನ್ಸೆಟ್’ ತನ್ನ ಪ್ರತಿನಿಧಿಯಾಗಿ ಲಾಡರ್ ಬ್ರಂಟನ್ ಎಂಬ ತಜ್ಞನನ್ನು ಹಡಗು ಹತ್ತಿಸಿ ಕಳಿಸಿತು. ನೂರಾರು ಪ್ರಾಣಿಗಳ ಮೇಲೆ ಪ್ರಯೋಗ ನಡೆಯಿತು.

ಕಮಿಷನ್ ಲಾರಿ ಪರವಾಗಿಯೇ ತೀರ್ಪು ಕೊಟ್ಟಿತು. ಆ ತೀರ್ಪು ಪೂರ್ತಿ ಸರಿಯಲ್ಲ ಅಂತ ಆಮೇಲೆ ಗೊತ್ತಾಯಿತು. 1911ರ ಹೊತ್ತಿಗೆ ಇಂಗ್ಲೆಂಡಿನ ಎ.ಜಿ. ಲೆವಿ, ಕ್ಲೋರೋಫಾರ್ಮ್ ನೇರವಾಗಿ ಹೃದಯದ ಬಡಿತವನ್ನೇ ಕೆಡಿಸಬಲ್ಲದು ಅಂತ ತೋರಿಸಿದರು. ಆದರೂ ಉಸಿರಾಟ ಗಮನಿಸಿ ಅನ್ನೋ ಪಾಠ ಉಳಿಯಿತು. ಇವತ್ತಿಗೂ ಅರಿವಳಿಕೆ ತಜ್ಞರು ಆ ಪಾಠ ಬಿಟ್ಟಿಲ್ಲ. ಅದೇ ತಂಡದಲ್ಲಿ ರೂಪಾಬಾಯಿ ಫರ್ದೂಂಜಿ ಎಂಬ ಪಾರ್ಸಿ ಯುವತಿ ಕೆಲಸ ಮಾಡಿದಳು. ಪ್ರಪಂಚದ ಮೊದಲ ಮಹಿಳಾ ಅರಿವಳಿಕೆ ವೈದ್ಯೆ ಅಂತ ಅವಳನ್ನು ಗುರುತಿಸುತ್ತಾರೆ. ಹೆಣ್ಣುಮಕ್ಕಳು ಶಾಲೆಯ ಹೊಸ್ತಿಲು ದಾಟೋದೇ ಕಷ್ಟ ಇದ್ದ ಕಾಲದಲ್ಲಿ ಮೂಸಿ ದಂಡೆಯ ಒಂದು ಆಸ್ಪತ್ರೆಯಲ್ಲಿ ಇದು ನಡೆಯಿತು.

ಅಂಥ ಆಸ್ಪತ್ರೆಗೆ 1908ರಲ್ಲಿ ಏನಾಯ್ತು?

ಸೆಪ್ಟೆಂಬರ್ 28, ಸೋಮವಾರ. ಎರಡು ದಿನದಿಂದ ಮಳೆ ಬಿಟ್ಟಿರಲಿಲ್ಲ. ಮೂಸಿ ನದಿ ಊರೊಳಗೆ ನುಗ್ಗಿತು. ಅಫ್ಜಲ್ ಸೇತುವೆ, ಮುಸಲ್ಲಂ ಜಂಗ್ ಸೇತುವೆ, ಚಾದರ್‌ಘಾಟ್ ಸೇತುವೆ, ಮೂರೂ ಮುರಿದವು. ಗೋಲ್ಕೊಂಡದ ಸುಲ್ತಾನರ ಕಾಲದ ಪುರಾನಾಪುಲ್ ಒಂದೇ ನಿಂತದ್ದು. ಸಾವಿನ ಲೆಕ್ಕ ಸುಮಾರು 15,000 ಅಂತ ಇತಿಹಾಸಕಾರರು ಹೇಳುತ್ತಾರೆ. ಉರ್ದು ಕವಿ ಅಮ್ಜದ್ ಹೈದರಾಬಾದಿ ತನ್ನ ತಾಯಿ, ಹೆಂಡತಿ, ಮಗಳು, ಮೂವರನ್ನೂ ಆ ಪ್ರವಾಹದಲ್ಲಿ ಕಳೆದುಕೊಂಡ. ಇಡೀ ಮನೆಯಲ್ಲಿ ಉಳಿದವನು ಅವನೊಬ್ಬ. ಅಫ್ಜಲ್‌ಗಂಜ್ ಆಸ್ಪತ್ರೆಯೂ ನೀರು ಪಾಲಾಯಿತು.

ಆದರೆ ಆ ಆವರಣದಲ್ಲಿ ಒಂದು ಹುಣಸೇ ಮರ ಇತ್ತು. ಜನ ಅದನ್ನು ಹತ್ತಿ ಕೂತರು. ಸುಮಾರು 150 ಜನ ಆ ಮರದಿಂದ ಬದುಕಿದರು ಅನ್ನೋದು ಹೈದರಾಬಾದಿನಲ್ಲಿ ಎಲ್ಲರ ಬಾಯಲ್ಲೂ ಇರುವ ಮಾತು. ಆ ಮರ ಕಾಲ ದಾಟಿ ಬಂದಿದೆ. ಪ್ರತಿ ವರ್ಷ ಸೆಪ್ಟೆಂಬರ್ 28ಕ್ಕೆ ಊರಿನ ಕೆಲವರು ಅದರ ಕೆಳಗೆ ಸೇರಿ ಸತ್ತವರನ್ನು ನೆನೆಯುತ್ತಾರೆ. ಕಟ್ಟಡ ಕೊಚ್ಚಿಹೋಯ್ತು, ಮರ ನಿಂತಿತು. ಅದೂ ಆಸ್ಪತ್ರೆಯ ಇತಿಹಾಸವೇ.

ಈಗ ನಮ್ಮ ಎಂಜಿನಿಯರ್ ಬರುತ್ತಾರೆ. ಮೋಕ್ಷಗುಂಡಂ ವಿಶ್ವೇಶ್ವರಯ್ಯ. ಅವರು ಆಗಷ್ಟೇ ಬಾಂಬೆ ಸರ್ಕಾರದ ನೌಕರಿ ಬಿಟ್ಟು ವಿದೇಶ ಪ್ರವಾಸದಲ್ಲಿದ್ದರು. ನಿಜಾಮ ಮೀರ್ ಮಹಬೂಬ್ ಅಲಿ ಖಾನ್ ಸರ್ಕಾರ ಕರೆ ಕಳಿಸಿತು. 1909ರಲ್ಲಿ ಅವರು ಹೈದರಾಬಾದಿಗೆ ಬಂದು ಕೆಲಸ ಶುರು ಮಾಡಿದರು. ನಮಗೆ ಕನ್ನಂಬಾಡಿಯ ವಿಶ್ವೇಶ್ವರಯ್ಯ ಗೊತ್ತು, ಭದ್ರಾವತಿಯ ವಿಶ್ವೇಶ್ವರಯ್ಯ ಗೊತ್ತು. ಹೈದರಾಬಾದಿನ ವಿಶ್ವೇಶ್ವರಯ್ಯ ಅಷ್ಟಾಗಿ ಗೊತ್ತಿಲ್ಲ. ನನ್ನ ಪ್ರಕಾರ ಎಂಜಿನಿಯರಿಂಗ್ ಓದೋ ಪ್ರತಿ ಹುಡುಗನಿಗೂ ಮೊದಲ ಸೆಮಿಸ್ಟರಿನಲ್ಲೇ ಈ ಅಧ್ಯಾಯ ಹೇಳಿಕೊಡಬೇಕು.

ಯಾಕೆ ಅಂದ್ರೆ, ಪ್ರವಾಹ ಬಂದ ಊರಲ್ಲಿ ಸಾಮಾನ್ಯ ಮನುಷ್ಯ ಏನು ಕೇಳ್ತಾನೆ? ನದಿ ಪಕ್ಕ ಎತ್ತರದ ಗೋಡೆ ಕಟ್ಟಿ ಅಂತಾನೆ. ವಿಶ್ವೇಶ್ವರಯ್ಯ ಊರಿನ ಗೋಡೆ ನೋಡುವ ಮೊದಲು ಊರಿನ ಮೇಲ್ಗಡೆ ಹೋದರು. ಮಳೆ ಎಲ್ಲಿ ಬಿತ್ತು, ಎಷ್ಟು ಬಿತ್ತು, ಆ ನೀರು ಯಾವ ದಾರಿಯಲ್ಲಿ ಬಂತು ಅಂತ ಲೆಕ್ಕ ಹಾಕಿದರು. ಹೈದರಾಬಾದಿನ ಮೇಲ್ಭಾಗದ ಜಲಾನಯನ ಪ್ರದೇಶದಲ್ಲಿ 788 ಕೆರೆಗಳಿದ್ದವು. ಅದರಲ್ಲಿ 221 ಕೆರೆ ಒಡೆದಿದ್ದವು. ಒಂದು ಕೆರೆ ಒಡೆದು ಕೆಳಗಿನ ಕೆರೆಗೆ ನುಗ್ಗಿ, ಅದೂ ಒಡೆದು, ಸರಪಳಿಯ ಹಾಗೆ ಎಲ್ಲಾ ನೀರು ಒಟ್ಟಾಗಿ ಊರ ಮೇಲೆ ಬಿದ್ದಿತ್ತು. ಅಂದರೆ ರೋಗ ಕಾಣಿಸಿಕೊಂಡದ್ದು ಊರಿನಲ್ಲಿ, ರೋಗದ ಮೂಲ ಇದ್ದದ್ದು ಮೈಲುಗಟ್ಟಲೆ ದೂರದಲ್ಲಿ.

ಅವರ ಸಲಹೆ ಸರಳ: ನೀರನ್ನು ಊರಿಗೆ ಬರೋ ಮುಂಚೆ ಹಿಡಿದು ನಿಲ್ಲಿಸಿ. ಮೂಸಿಗೆ ಒಂದು, ಅದರ ಉಪನದಿ ಈಸಿಗೆ ಒಂದು ಜಲಾಶಯ ಕಟ್ಟಿ. ಊರಿನಲ್ಲಿ ನದಿ ದಂಡೆಯನ್ನು ಗಟ್ಟಿ ಮಾಡಿ, ಸುಂದರವಾಗಿಸಿ. ಕೊಳಚೆ ಹರಿಯಲು ಸರಿಯಾದ ಒಳಚರಂಡಿ ಮಾಡಿ. ವರದಿ ಕೊಟ್ಟು ಅದೇ ವರ್ಷ ಮೈಸೂರಿಗೆ ಚೀಫ್ ಎಂಜಿನಿಯರ್ ಆಗಿ ಬಂದರು. ಅಲ್ಲಿ ಉಸ್ಮಾನ್ ಸಾಗರ 1920ಕ್ಕೆ ಮುಗಿಯಿತು, ಹಿಮಾಯತ್ ಸಾಗರ 1927ಕ್ಕೆ ಮುಗಿಯಿತು. ಮುಂದೆ ದಶಕಗಟ್ಟಲೆ ಹೈದರಾಬಾದ್ ಕುಡಿದದ್ದು ಇದೇ ಎರಡು ಕೆರೆಗಳ ನೀರು. ಕೊಂದ ನೀರನ್ನೇ ಕುಡಿಯೋ ನೀರು ಮಾಡಿದರು ನೋಡಿ.

1911ರಲ್ಲಿ ಏಳನೇ ನಿಜಾಮ ಮೀರ್ ಉಸ್ಮಾನ್ ಅಲಿ ಖಾನ್ ಪಟ್ಟಕ್ಕೆ ಬಂದ. ಮರುವರ್ಷ ನಗರ ಅಭಿವೃದ್ಧಿ ಮಂಡಳಿ ಬಂತು. ಪ್ರವಾಹ ಬಳಿದುಕೊಂಡು ಹೋದ ದಂಡೆಯ ಮೇಲೆ ಹೊಸ ನಗರ ಎದ್ದಿತು. ದಕ್ಷಿಣ ದಂಡೆಯಲ್ಲಿ ಹೈಕೋರ್ಟ್, ಸಿಟಿ ಕಾಲೇಜು. ಉತ್ತರ ದಂಡೆಯಲ್ಲಿ ಆಸ್ಪತ್ರೆ. ನಕ್ಷೆಗೆ ಬ್ರಿಟಿಷ್ ವಾಸ್ತುಶಿಲ್ಪಿ ವಿನ್ಸೆಂಟ್ ಎಶ್. ಕಾಚಿಗುಡ ರೈಲು ನಿಲ್ದಾಣವೂ ಇವರದ್ದೇ. 1920ರ ದಶಕದಲ್ಲಿ ಉಸ್ಮಾನಿಯಾ ಆಸ್ಪತ್ರೆ ಎದ್ದು ನಿಂತಿತು: ಮೇಲೆ ಗುಮ್ಮಟ, ಸುತ್ತ ಛತ್ರಿಗಳು, ಸಾಲು ಕಮಾನು, ಗಾರೆಯಲ್ಲಿ ಬಿಡಿಸಿದ ಹೂಬಳ್ಳಿ. ನದಿಯ ಆಚೆಯಿಂದ ನೋಡಿದವರಿಗೆ ಅರಮನೆ ಅನ್ನಿಸಬೇಕು. ಒಳಗೆ ಬಂದವನು ಮಾತ್ರ ಬಿಡಿಗಾಸು ಇಲ್ಲದ ಬಡವ.

ಇಲ್ಲಿ ಒಂದು ಮಾತು ಹೇಳಬೇಕು. ಆ ಎತ್ತರದ ಚಾವಣಿ, ದೊಡ್ಡ ದೊಡ್ಡ ಕಿಟಕಿ, ಉದ್ದದ ವರಾಂಡ ಬರೀ ಶೋಕಿಗೆ ಮಾಡಿದ್ದಲ್ಲ. ಆಗಿನ್ನೂ ಪೆನ್ಸಿಲಿನ್ ಬಂದಿರಲಿಲ್ಲ. ಸೋಂಕಿಗೆ ಕೊಡಲು ಈಗಿನಂಥ ಔಷಧಿ ಇರಲಿಲ್ಲ. ಗಾಳಿ, ಬೆಳಕು, ಹಾಸಿಗೆಯಿಂದ ಹಾಸಿಗೆಗೆ ಅಂತರ, ಇವೇ ಔಷಧಿ. ಫ್ಲಾರೆನ್ಸ್ ನೈಟಿಂಗೇಲ್ ಹೇಳಿದ್ದೂ ಇದನ್ನೇ. ಹಾಗಾಗಿ ಆ ಕಾಲದ ಆಸ್ಪತ್ರೆಗಳಲ್ಲಿ ಕಟ್ಟಡವೇ ಅರ್ಧ ಡಾಕ್ಟರ್. ನಮ್ಮ ಬೆಂಗಳೂರಿನಲ್ಲಿ 1900ರ ಡಿಸೆಂಬರ್‌ನಲ್ಲಿ ಲಾರ್ಡ್ ಕರ್ಜನ್ ಉದ್ಘಾಟಿಸಿದ ವಿಕ್ಟೋರಿಯಾ ಆಸ್ಪತ್ರೆಯ ಹಳೇ ಕಟ್ಟಡ ನೋಡಿದರೂ ಈ ಎತ್ತರ, ಈ ವರಾಂಡ ಕಾಣಿಸುತ್ತೆ.

ಹಾಗಾದರೆ ಇಷ್ಟು ಚೆನ್ನಾಗಿ ಕಟ್ಟಿದ ಕಟ್ಟಡ ಹಾಳಾದದ್ದು ಹೇಗೆ? ‘ವಯಸ್ಸಾಯ್ತು’ ಅನ್ನೋದು ಸುಲಭದ ಉತ್ತರ. ನಾನು ಓದಿದ್ದು ಎಂಜಿನಿಯರಿಂಗ್, ಹಾಗಾಗಿ ಈ ಉತ್ತರ ನನಗೆ ಗಂಟಲಲ್ಲಿ ಇಳಿಯಲ್ಲ. ಕಲ್ಲು, ಸುಣ್ಣದ ಗಾರೆಯ ಕಟ್ಟಡಕ್ಕೆ 100 ವರ್ಷ ಒಂದು ವಯಸ್ಸೇ ಅಲ್ಲ. ಚಾರ್‌ಮಿನಾರ್‌ಗೆ 400 ದಾಟಿದೆ, ವಿಜಯಪುರದ ಗೋಲಗುಮ್ಮಟಕ್ಕೆ ಸುಮಾರು 370. ಅವೂ ಗಾರೆಯವೇ.

ಸುಣ್ಣದ ಗಾರೆಗೆ ಒಂದು ಗುಣ ಇದೆ. ಅದು ಉಸಿರಾಡುತ್ತೆ. ಮಳೆಗಾಲದಲ್ಲಿ ಗೋಡೆ ಒಂದಿಷ್ಟು ತೇವ ಹೀರುತ್ತೆ, ಬಿಸಿಲು ಬಂದಾಗ ಆ ತೇವವನ್ನು ಹೊರಗೆ ಬಿಡುತ್ತೆ. ಇಂಥ ಗೋಡೆಯಲ್ಲಿ ಬಿರುಕು ಬಿಟ್ಟಾಗ ನಮ್ಮ ಕಂಟ್ರಾಕ್ಟರು ಏನು ಮಾಡ್ತಾನೆ? ಸಿಮೆಂಟ್ ತಂದು ಮೆತ್ತುತ್ತಾನೆ. ಸಿಮೆಂಟ್ ತೇವವನ್ನು ಹಾಗೆ ಸಲೀಸಾಗಿ ಹೊರಗೆ ಬಿಡಲ್ಲ. ನೀರು ಒಳಗೇ ಸಿಕ್ಕಿಬಿದ್ದು ಹಳೇ ಗಾರೆಯನ್ನು ಪುಡಿ ಮಾಡುತ್ತೆ. ನಾಲ್ಕು ಮಳೆಗಾಲ ಕಳೆಯೋದ್ರೊಳಗೆ ಆ ತೇಪೆ ಹಪ್ಪಳದ ಹಾಗೆ ಎದ್ದು ಬರುತ್ತೆ, ಜೊತೆಗೆ ಹಳೇ ಗಾರೆಯನ್ನೂ ಕಿತ್ತುಕೊಂಡು ಬರುತ್ತೆ. ಆಗ ಜನ ಏನಂತಾರೆ? ನೋಡಿ, ಹಳೇ ಕಟ್ಟಡ ಉದುರುತ್ತಿದೆ!

ಇನ್ನು ತಾರಸಿ. ತಾರಸಿಯ ನೀರು ಇಳಿಯೋ ಕಂಡಿಯಲ್ಲಿ ಒಂದು ಹಿಡಿ ಎಲೆ ಸಿಕ್ಕಿಕೊಂಡರೆ ಸಾಕು. ನೀರು ನಿಲ್ಲುತ್ತೆ, ಒಳಗೆ ಜಿನುಗುತ್ತೆ. ಹಕ್ಕಿ ಹಾಕಿದ ಹಿಕ್ಕೆಯಿಂದ ಅರಳಿಯ ಬೀಜ ಮೊಳೆಯುತ್ತೆ. ಮೊದಲ ವರ್ಷ ಅದನ್ನು ಎರಡು ಬೆರಳಲ್ಲಿ ಕೀಳಬಹುದು. ಐದನೇ ವರ್ಷ ಕೊಡಲಿ ಬೇಕು. ಹತ್ತನೇ ವರ್ಷಕ್ಕೆ ಅದರ ಬೇರು ಗೋಡೆಯನ್ನೇ ಸೀಳಿರುತ್ತೆ. ಉಸ್ಮಾನಿಯಾದ ಗೋಡೆ, ಗುಮ್ಮಟಗಳ ಮೇಲೆ ಗಿಡ ಬೆಳೆದ ಚಿತ್ರಗಳನ್ನು ನೀವೂ ನೋಡಿರಬಹುದು. ಗಿಡ ಕೀಳೋಕೆ ಯಾವ ಟೆಂಡರ್ ಬೇಕು? ಒಂದು ಏಣಿ, ಒಬ್ಬ ಆಳು, ಮತ್ತೆ ‘ಇದು ನನ್ನ ಕೆಲಸ’ ಅನ್ನೋ ಒಬ್ಬ ಅಧಿಕಾರಿ ಸಾಕು. ಮೂರನೆಯವನು ಸಿಗಲಿಲ್ಲ.

ಹಾಗಂತ ಹಳೇ ಕಟ್ಟಡದಲ್ಲೇ ಆಸ್ಪತ್ರೆ ನಡೆಸಬೇಕಿತ್ತು ಅಂತಲೂ ನಾನು ಹೇಳಲ್ಲ. ಇವತ್ತಿನ ಐಸಿಯುಗೆ ಶೋಧಿಸಿದ ಗಾಳಿ ಬೇಕು, ಕಿಟಕಿ ಗಾಳಿ ನಡೆಯಲ್ಲ. ಪ್ರತಿ ಹಾಸಿಗೆಗೆ ಆಕ್ಸಿಜನ್ ಪೈಪ್ ಬೇಕು. ಸ್ಟ್ರೆಚರ್ ಹಿಡಿಯೋ ಲಿಫ್ಟ್ ಬೇಕು. ಎಂಆರ್‌ಐ ಯಂತ್ರ ಟನ್ನುಗಟ್ಟಲೆ ತೂಗುತ್ತೆ, ಅದಕ್ಕೆ ತಕ್ಕ ನೆಲ ಬೇಕು. ಫ್ಯಾನು, ಬಲ್ಬುಗಳ ಕಾಲದಲ್ಲಿ ಎಳೆದ ವೈರಿಂಗ್ ಮೇಲೆ ವೆಂಟಿಲೇಟರ್ ನಡೆಸೋದು ಬೆಂಕಿ ಜೊತೆ ಸರಸ. ಬೆಂಕಿ ಬಿದ್ದರೆ ರೋಗಿಗಳನ್ನು ಹೊರಗೆ ತರೋ ದಾರಿಯೂ ಬೇಕಲ್ವಾ? ಇದನ್ನೆಲ್ಲ ಆ ಗೋಡೆಗಳಲ್ಲಿ ತುರುಕೋಕೆ ಹೋದರೆ ಕಟ್ಟಡವೂ ಉಳಿಯಲ್ಲ, ರೋಗಿಯೂ ಉಳಿಯಲ್ಲ.

ಡಾಕ್ಟರುಗಳು ಅದನ್ನೇ ಕೂಗಿ ಹೇಳಿದರು. ಚಾವಣಿಯಿಂದ ಗಾರೆ ಕಿತ್ತು ಬೀಳುತ್ತಿತ್ತು. ಒಂದು ಹಂತದಲ್ಲಿ ಅಲ್ಲಿನ ಕಿರಿಯ ವೈದ್ಯರು ತಲೆಗೆ ಹೆಲ್ಮೆಟ್ ಹಾಕಿಕೊಂಡೇ ಪ್ರತಿಭಟನೆ ಮಾಡಿದರು. ಅದು ನಾಟಕ ಅಂತ ಯಾರಾದರೂ ಅಂದರೆ ನಾನು ಅವರಿಗೆ ಮೈಸೂರಿನ ಲ್ಯಾನ್ಸ್‌ಡೌನ್ ಕಟ್ಟಡ ನೆನಪು ಮಾಡುತ್ತೇನೆ. 2012ರ ಆಗಸ್ಟ್‌ನಲ್ಲಿ ಆ ಪಾರಂಪರಿಕ ಕಟ್ಟಡದ ಒಂದು ಭಾಗ ಕುಸಿದು 4 ಜನ ಸತ್ತರು. ಪರಂಪರೆ ಅನ್ನೋ ಬೋರ್ಡು ಹಾಕಿದ ಮಾತ್ರಕ್ಕೆ ಚಾವಣಿ ನಿಲ್ಲಲ್ಲ. ನಮಗೆ ಪರಂಪರೆ ಮೇಲೆ ಎಷ್ಟೇ ಪ್ರೀತಿ ಇರಲಿ, ಅದರ ಕೆಳಗೆ ಮಲಗಿದವನ ಜೀವ ಅದಕ್ಕಿಂತ ದೊಡ್ಡದು.

2015ರಲ್ಲಿ ಆಗಿನ ಮುಖ್ಯಮಂತ್ರಿ ಕೆ. ಚಂದ್ರಶೇಖರ ರಾವ್ ಆಸ್ಪತ್ರೆಗೆ ಬಂದು, ಇದನ್ನು ಕೆಡವಿ ಬಹುಮಹಡಿ ಗೋಪುರ ಕಟ್ಟುತ್ತೇವೆ ಅಂದರು. ಊರು ಎರಡಾಯಿತು. ಪರಂಪರೆಯ ಕಟ್ಟಡಗಳನ್ನು ಕಾಯುವ ಇಂಟ್ಯಾಕ್ ಸಂಸ್ಥೆಯ ತಜ್ಞರು ನೋಡಿ, ಕಟ್ಟಡದ ಅಸ್ಥಿಪಂಜರ ಗಟ್ಟಿ ಇದೆ, ಸರಿಯಾಗಿ ದುರಸ್ತಿ ಮಾಡಿ ಅಂದರು. ಹೋರಾಟ ನಡೆಯಿತು, ಕೆಡವೋ ಯೋಜನೆ ನಿಂತಿತು. ಸರಿ, ಕೆಡವೋದು ನಿಂತ ಮೇಲೆ ಏನಾಗಬೇಕಿತ್ತು? ದುರಸ್ತಿ ಶುರುವಾಗಬೇಕಿತ್ತು. ದುರಸ್ತಿಯೂ ಸರಿಯಾಗಿ ಆಗಲಿಲ್ಲ, ಹೊಸದೂ ಬರಲಿಲ್ಲ. ಹೇಗಿದ್ದರೂ ಕೆಡವುತ್ತಾರೆ, ಖರ್ಚು ಯಾಕೆ ಅಂತ ಒಂದು ಕಡೆ. ಹೇಗಿದ್ದರೂ ಉಳಿಯುತ್ತೆ, ಹೊಸದು ಯಾಕೆ ಅಂತ ಇನ್ನೊಂದು ಕಡೆ. ನಡುವೆ ರೋಗಿ ನೆಲದ ಮೇಲೆ ಚಾಪೆ ಹಾಸಿಕೊಂಡು ಮಲಗಿದ್ದ.

ಆಮೇಲೆ ಬಂತು 2020ರ ಜುಲೈ. ಕೊರೊನಾ ಮೊದಲ ಅಲೆ. ಜುಲೈ 15ರಂದು ಜೋರು ಮಳೆ. ಕೊಳಚೆ ಸೇರಿದ ನೀರು ನೆಲಮಹಡಿಯ ವಾರ್ಡುಗಳಿಗೆ ನುಗ್ಗಿತು. ಮಂಚದ ಮೇಲೆ ರೋಗಿ, ಮಂಚದ ಕೆಳಗೆ ಹರಿಯುವ ಚರಂಡಿ. ನರ್ಸುಗಳು ಆ ನೀರಲ್ಲೇ ನಡೆದು ಔಷಧಿ ಕೊಟ್ಟರು. ಇಡೀ ದೇಶದ ಟಿವಿಯಲ್ಲಿ ಆ ದೃಶ್ಯ ಓಡಿತು. ಆ ತಿಂಗಳ ಕೊನೆಯ ಹೊತ್ತಿಗೆ ಹಳೇ ಕಟ್ಟಡಕ್ಕೆ ಬೀಗ ಬಿತ್ತು. ರೋಗಿಗಳನ್ನು ಅದೇ ಆವರಣದ ಬೇರೆ ಕಟ್ಟಡಗಳಿಗೆ ಸಾಗಿಸಿದರು. ಇದ್ದ ಜಾಗವೇ ಸಾಲದ ಕಡೆ ಇನ್ನಷ್ಟು ಜನ.

ಒಂದು ಕ್ಷಣ ಯೋಚನೆ ಮಾಡಿ. ಆ ದಿನ ಕಟ್ಟಡ ಬಿದ್ದಿತಾ? ಇಲ್ಲ. ಗೋಡೆ, ಕಮಾನು, ಗುಮ್ಮಟ, ಎಲ್ಲವೂ ನಿಂತಿದ್ದವು. ಸೋತಿದ್ದು ಚರಂಡಿ. ತಗ್ಗಿನಲ್ಲಿರುವ ಆವರಣ, ಕಟ್ಟಿಕೊಂಡ ಮೋರಿ, ಸುತ್ತ ಬೆಳೆದ ಊರಿನ ಹೊರೆ. 1909ರಲ್ಲೇ ಒಬ್ಬ ಎಂಜಿನಿಯರ್ ಈ ಊರಿಗೆ ಒಳಚರಂಡಿ ಸರಿ ಮಾಡಿಕೊಳ್ಳಿ ಅಂತ ಬರೆದುಕೊಟ್ಟಿದ್ದರು. 2020ರ ಅಕ್ಟೋಬರ್‌ನಲ್ಲಿ ಹೈದರಾಬಾದ್ ಮತ್ತೆ ಮುಳುಗಿತು, ಕೆರೆ ಏರಿಗಳು ಒಡೆದವು, ಬಡಾವಣೆಗಳು ದಿನಗಟ್ಟಲೆ ನೀರಲ್ಲಿ ನಿಂತವು. ಕಾಯಿಲೆ ಅದೇ. ಮೇಲ್ಗಡೆ ನೋಡದೆ ಕೆಳಗಡೆ ಗೋಡೆಗೆ ಬೈಯೋದು.

ಅಷ್ಟೇ ಅಲ್ಲ. ಉಸ್ಮಾನ್ ಸಾಗರ, ಹಿಮಾಯತ್ ಸಾಗರಗಳ ಸುತ್ತ 10 ಕಿಲೋಮೀಟರಿನೊಳಗೆ ದೊಡ್ಡ ಕಟ್ಟಡ, ಕಾರ್ಖಾನೆಗಳಿಗೆ ಕಡಿವಾಣ ಹಾಕಿ 1996ರಲ್ಲಿ ಸರ್ಕಾರಿ ಆದೇಶ 111 ಬಂದಿತ್ತು. 2022ರಲ್ಲಿ ಆ ನಿರ್ಬಂಧವನ್ನು ತೆಗೆಯಲು ಸರ್ಕಾರ ಹೊಸ ಆದೇಶ ಹೊರಡಿಸಿತು. ಯಾವ ಪ್ರವಾಹಕ್ಕೆ ಆ ಕೆರೆಗಳು ಹುಟ್ಟಿದವು ಅನ್ನೋದನ್ನು ಕಡತ ಮರೆತಿತ್ತು.

ಕೋರ್ಟಿನಲ್ಲೂ ಎರಡೂ ಕಡೆಯ ಅರ್ಜಿಗಳಿದ್ದವು. ಕೆಡವಿ ಹೊಸದು ಕಟ್ಟಿಸಿ ಅಂತ ಕೆಲವರು, ಕೆಡವಬೇಡಿ ಅಂತ ಕೆಲವರು. ಹೈಕೋರ್ಟ್ ತಜ್ಞರ ಸಮಿತಿ ಮಾಡಿಸಿತು. ಈಗಿರುವ ಸ್ಥಿತಿಯಲ್ಲಿ ಆ ಕಟ್ಟಡ ಆಸ್ಪತ್ರೆಗೆ ತಕ್ಕದ್ದಲ್ಲ ಅಂತ ಸಮಿತಿ ಹೇಳಿತು. 2023ರಲ್ಲಿ ಸರ್ಕಾರ ಮತ್ತೆ ಕೆಡವೋ ಮಾತಾಡಿತು. ಆ ವರ್ಷದ ಕೊನೆಗೆ ಸರ್ಕಾರವೇ ಬದಲಾಯಿತು. ಹೊಸ ಮುಖ್ಯಮಂತ್ರಿ ರೇವಂತ್ ರೆಡ್ಡಿ ಬೇರೆ ದಾರಿ ಹಿಡಿದರು: ಆಸ್ಪತ್ರೆ ಗೋಷಾಮಹಲ್‌ಗೆ ಹೋಗಲಿ, ಹಳೇ ಕಟ್ಟಡ ಪರಂಪರೆಯಾಗಿ ಉಳಿಯಲಿ. ಗೋಷಾಮಹಲ್‌ನ ಪೊಲೀಸ್ ಮೈದಾನದಲ್ಲಿ ಸುಮಾರು 26 ಎಕರೆ, 2,000 ಹಾಸಿಗೆ, ಸುಮಾರು 2,700 ಕೋಟಿ ರೂಪಾಯಿ ಅಂದಾಜು. ನಮ್ಮ ಏರಿಯಾಗೆ ಇದ್ದದ್ದೇ ಒಂದು ಮೈದಾನ, ಅದನ್ನೂ ಕಿತ್ತುಕೊಂಡಿರಿ ಅಂತ ಅಲ್ಲಿನ ಜನ ವಿರೋಧ ಮಾಡಿದರು. ಅವರ ಮಾತನ್ನೂ ತಳ್ಳಿಹಾಕೋಕೆ ಆಗಲ್ಲ. ನಗರಗಳಲ್ಲಿ ಒಂದು ಒಳ್ಳೇದು ಬರಬೇಕಾದರೆ ಇನ್ನೊಂದು ಒಳ್ಳೇದು ಜಾಗ ಬಿಡಬೇಕಾಗುತ್ತೆ.

ಈಗ ನನ್ನ ಅಭಿಪ್ರಾಯ ನೇರವಾಗಿ ಹೇಳ್ತೀನಿ.

ಈ ಹತ್ತು ವರ್ಷ ನಾವು ತಪ್ಪು ಪ್ರಶ್ನೆ ಇಟ್ಟುಕೊಂಡು ಜಗಳ ಆಡಿದೆವು. ಆಸ್ಪತ್ರೆ ಬೇರೆ, ಕಟ್ಟಡ ಬೇರೆ. ಆಸ್ಪತ್ರೆ ಅಂದರೆ ಡಾಕ್ಟರು, ನರ್ಸು, ಔಷಧಿ, ಯಂತ್ರ, ಹಾಸಿಗೆ. ಅದಕ್ಕೆ ಹೊಸ ಮನೆ ಬೇಕಿತ್ತು, 2015ರಲ್ಲೇ ಬೇಕಿತ್ತು. ಕಟ್ಟಡ ಅಂದರೆ ಒಂದು ಊರಿನ ನೆನಪು. 15,000 ಹೆಣ ಎಣಿಸಿದ ಊರು ಮತ್ತೆ ಎದ್ದು ನಿಂತು, ಬಡವನಿಗೆ ಅರಮನೆಯಂಥ ಆಸ್ಪತ್ರೆ ಕಟ್ಟಿತು ಅನ್ನೋದಕ್ಕೆ ಆ ಗುಮ್ಮಟ ಸಾಕ್ಷಿ. ಅದಕ್ಕೆ ಬೇಕಾದ್ದು ಸುಣ್ಣ ಗೊತ್ತಿರುವ ಗಾರೆಯವನು. ಈ ಎರಡೂ ಬೇಡಿಕೆ ಒಂದರ ಕುತ್ತಿಗೆ ಒಂದು ಹಿಸುಕಬೇಕಿರಲಿಲ್ಲ. ಎರಡಕ್ಕೂ ಬೇರೆ ಬೇರೆ ಜಾಗ ಇದೆ ಅಂತ ಒಪ್ಪಿಕೊಳ್ಳೋಕೆ ಹತ್ತು ವರ್ಷ ಬೇಕಾಯಿತು. ಆ ಹತ್ತು ವರ್ಷದ ಬಡ್ಡಿ ಕಟ್ಟಿದ್ದು ವಾರ್ಡಿನಲ್ಲಿದ್ದವರು.

ಇನ್ನೊಂದು ಮಾತು. ಹೊಸ ಕಟ್ಟಡ ಬಂದ ಕೂಡಲೇ ಸಮಸ್ಯೆ ಮುಗಿಯಿತು ಅಂದುಕೊಂಡರೆ ನಾವು ಏನೂ ಕಲಿತಿಲ್ಲ ಅಂತ ಅರ್ಥ. ಕಾಂಕ್ರೀಟ್ ಕಟ್ಟಡ ಗಾರೆಯ ಕಟ್ಟಡಕ್ಕಿಂತ ಹೆಚ್ಚು ಜತನ ಕೇಳುತ್ತೆ. ಅದರ ಹೊಟ್ಟೆಯಲ್ಲಿ ಕಬ್ಬಿಣ ಇದೆ. ನೀರು ಒಳಗೆ ಇಳಿದರೆ ಕಬ್ಬಿಣ ತುಕ್ಕು ಹಿಡಿದು ಉಬ್ಬುತ್ತೆ, ಕಾಂಕ್ರೀಟನ್ನು ಒಳಗಿಂದಲೇ ಒಡೆಯುತ್ತೆ. ನೂರು ವರ್ಷ ಬಿಡಿ, ಮೂವತ್ತು ವರ್ಷಕ್ಕೇ ಕಂಬದ ಕಬ್ಬಿಣ ಹೊರಗೆ ಕಾಣಿಸೋ ಸರ್ಕಾರಿ ಕಟ್ಟಡಗಳನ್ನು ನಮ್ಮ ಪ್ರತಿ ತಾಲ್ಲೂಕಿನಲ್ಲೂ ನೋಡಬಹುದು. ಹಳೇ ಆಸ್ಪತ್ರೆಯ ಮೋರಿ ಬಳಿಯದವರು ಹೊಸ ಆಸ್ಪತ್ರೆಯ ಮೋರಿ ಬಳಿಯುತ್ತಾರೆ ಅನ್ನೋಕೆ ಏನು ಗ್ಯಾರಂಟಿ?

ನಮ್ಮ ದೇಶದಲ್ಲಿ ಶಂಕುಸ್ಥಾಪನೆಗೆ ಕಲ್ಲು ನೆಡುತ್ತಾರೆ, ಉದ್ಘಾಟನೆಗೆ ಕಲ್ಲು ನೆಡುತ್ತಾರೆ. ಮೇಲೆ ಮಂತ್ರಿಗಳ ಹೆಸರು ಕೆತ್ತುತ್ತಾರೆ. ಪ್ರತಿ ವರ್ಷ ಮೇ ತಿಂಗಳಲ್ಲಿ ತಾರಸಿಯ ಎಲೆ ಗುಡಿಸಿ, ನೀರಿನ ಕಂಡಿ ಬಿಡಿಸಿ, ಗೋಡೆಯ ಅರಳಿ ಸಸಿ ಕಿತ್ತವನ ಹೆಸರಿಗೆ ಕಲ್ಲಿಲ್ಲ. ಕಟ್ಟಡ ನಿಂತಿರೋದು ಮಾತ್ರ ಅವನಿಂದ. ಆದ್ದರಿಂದ ಗೋಷಾಮಹಲ್ ಯೋಜನೆಯ ಕಡತ ನನ್ನ ಕೈಗೆ ಸಿಕ್ಕರೆ ನಾನು ಮೊದಲು ಹುಡುಕೋದು ಎಷ್ಟು ಮಹಡಿ ಅಂತ ಅಲ್ಲ. ಮೊದಲ 30 ವರ್ಷದ ನಿರ್ವಹಣೆಗೆ ಹಣ ಎಲ್ಲಿಟ್ಟಿದ್ದೀರಿ, ಅದಕ್ಕೆ ಜವಾಬ್ದಾರಿ ಯಾವ ಅಧಿಕಾರಿ, ಮಳೆ ನೀರು ಯಾವ ದಾರಿಯಲ್ಲಿ ಹೊರಗೆ ಹೋಗುತ್ತೆ. ಈ ಮೂರು ಪ್ರಶ್ನೆಗೆ ಉತ್ತರ ಇದ್ದರೆ ಅದು ಆಸ್ಪತ್ರೆ. ಇಲ್ಲದಿದ್ದರೆ ಅದು 2,700 ಕೋಟಿಯ ಮುಂದಿನ ಜಗಳ.

ಇದೇ ಮೂರು ಪ್ರಶ್ನೆಯನ್ನು ನೀವೂ ಕೇಳಿ. ಕಲಬುರಗಿಯಲ್ಲಿ ಕೇಳಿ, ಮೈಸೂರಿನಲ್ಲಿ ಕೇಳಿ, ನಿಮ್ಮ ಊರಿನ ತಾಲ್ಲೂಕು ಆಸ್ಪತ್ರೆಗೆ ಹೊಸ ಬ್ಲಾಕ್ ಬಂದಾಗ ಕೇಳಿ. ರಿಬ್ಬನ್ ಕತ್ತರಿಸುವ ದಿನ ಚಪ್ಪಾಳೆ ತಟ್ಟಿ, ಬೇಡ ಅನ್ನಲ್ಲ. ಮುಂದಿನ ಮಳೆಗಾಲ ಶುರುವಾಗೋ ಮುಂಚೆ ಒಂದು ಸಲ ಆಸ್ಪತ್ರೆಯ ಹಿಂದುಗಡೆ ಹೋಗಿ ಚರಂಡಿ ನೋಡಿ ಬನ್ನಿ. ಕಟ್ಟಿಕೊಂಡಿದ್ದರೆ ಒಂದು ಅರ್ಜಿ ಬರೆದು ಕೊಡಿ, ಸ್ವೀಕೃತಿ ತಗೊಳ್ಳಿ.